ಕಡಿಮೆ ದುಡ್ಡಿನ ದೆವ್ವಗಳು: ಹೊಸ ನೋಡುಗರಿಗೊಂದು ಕೈಪಿಡಿ

ದೆವ್ವದ ಸಿನಿಮಾ ನೋಡಲು ಕೂತವರು ಮೊದಲ ಅರ್ಧ ಗಂಟೆ ದೆವ್ವಕ್ಕೆ ಕಾಯುವುದನ್ನು ಬಿಟ್ಟು ಮನೆಯವರನ್ನು ನೋಡಬೇಕು. ಗಂಡ ಹೆಂಡತಿ ಯಾವ ವಿಷಯಕ್ಕೆ ಮುಖ ತಿರುಗಿಸುತ್ತಾರೆ, ಯಾರ ಹೆಸರು ಬಂದರೆ ಮಾತು ನಿಂತುಬಿಡುತ್ತದೆ, ಮಗು ಹೇಳಿದ್ದನ್ನು ಯಾರು ಕಿವಿಗೆ ಹಾಕಿಕೊಳ್ಳುವುದಿಲ್ಲ, ಇಷ್ಟು ಗಮನಿಸಿದರೆ ಸಾಕು. ದೆವ್ವ ಯಾರನ್ನು ಹಿಡಿಯುತ್ತದೆ, ಯಾಕೆ ಹಿಡಿಯುತ್ತದೆ ಎಂಬುದರ ಮುಕ್ಕಾಲು ಪಾಲು ಅಲ್ಲೇ ಸಿಕ್ಕಿಬಿಡುತ್ತದೆ. ಕಡಿಮೆ ಬಂಡವಾಳದ ಸ್ವತಂತ್ರ ಹಾರರ್ ಚಿತ್ರಗಳ, ಅದರಲ್ಲೂ ಒಂದು ಕುಟುಂಬಕ್ಕೆ ದೆವ್ವ ಮೆಟ್ಟಿಕೊಳ್ಳುವ ಕತೆಗಳ ಮಟ್ಟಿಗಂತೂ ಇದು ಪಕ್ಕಾ.

ಈ ಜಾತಿಯ ಸಿನಿಮಾ ನಮ್ಮಲ್ಲಿ ಅನೇಕರಿಗೆ ಬೇಗ ಹಿಡಿಸುವುದಿಲ್ಲ. ಕಾರಣ ನಮ್ಮ ರೂಢಿ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತನಾಗ್ ಪಾತ್ರವನ್ನು ಹಿಡಿದ ಪ್ರೇತದಿಂದ ಪಾರಾಗಲು ಮಂತ್ರಾಲಯದ ರಾಯರ ಕೃಪೆಯೇ ಬೇಕಾಯಿತು. 2004ರ ‘ಆಪ್ತಮಿತ್ರ’ದಲ್ಲಿ ಅದೇ ಕೆಲಸವನ್ನು ವಿಷ್ಣುವರ್ಧನ್ ಮನೋವೈದ್ಯರಾಗಿ ಬಂದು ಮಾಡಿದರು. ದೇವರೋ ಡಾಕ್ಟರೋ, ಯಾರಾದರೊಬ್ಬರು ಕೊನೆಯ ರೀಲಿನಲ್ಲಿ ಲೆಕ್ಕ ಚುಕ್ತಾ ಮಾಡುತ್ತಾರೆ, ನಾವು ನಿರಾಳವಾಗಿ ಎದ್ದು ಬರುತ್ತೇವೆ. ಎರಡೂ ನನಗೆ ಇಷ್ಟದ ಚಿತ್ರಗಳೇ. ಆದರೆ ಅದೇ ನಿರೀಕ್ಷೆ ಹೊತ್ತು ನಾನೀಗ ಹೇಳಹೊರಟಿರುವ ಚಿತ್ರಗಳ ಮುಂದೆ ಕೂತರೆ, ‘ಏನೂ ಆಗ್ಲೇ ಇಲ್ವಲ್ಲ’ ಎಂದು ಗೊಣಗುತ್ತ ಏಳಬೇಕಾಗುತ್ತದೆ. ಇಲ್ಲಿ ಲೆಕ್ಕ ಚುಕ್ತಾ ಆಗುವುದಿಲ್ಲ. ಎಷ್ಟೋ ಸಲ ಲೆಕ್ಕ ಏನೆಂದೇ ಬಾಯಿಬಿಟ್ಟು ಹೇಳುವುದಿಲ್ಲ.

ದುಡ್ಡಿಲ್ಲದ ನಿರ್ದೇಶಕ ಏನು ಮಾಡಬಲ್ಲ ಎಂಬುದಕ್ಕೆ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಅದರ ನಿರ್ದೇಶಕ ಒರೆನ್ ಪೆಲಿ ಸಾಫ್ಟ್‌ವೇರ್ ಪ್ರೋಗ್ರಾಮರ್ ಆಗಿದ್ದವ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತನ್ನದೇ ಮನೆಯಲ್ಲಿ, 7 ದಿನದಲ್ಲಿ, ಸುಮಾರು 15,000 ಡಾಲರಿನಲ್ಲಿ ಚಿತ್ರೀಕರಣ ಮುಗಿಸಿದ. 2007ರಲ್ಲಿ ಚಿತ್ರೋತ್ಸವದಲ್ಲಿ ತೋರಿಸಿದ ಈ ಚಿತ್ರ 2009ರಲ್ಲಿ ಥಿಯೇಟರಿಗೆ ಬಂದು, ಜಗತ್ತಿನಾದ್ಯಂತ 19 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಈ ಅಂಕಿಗಳನ್ನು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ನೋಡುವಾಗ ಇವನ್ನು ಮರೆತು, ಮಲಗುವ ಕೋಣೆಯ ಆ ಒಂದು ಶಾಟಿನ ಮೇಲೆ ಕಣ್ಣಿಡಿ.

ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಕೂತಿದೆ, ಕದಲುವುದಿಲ್ಲ. ಬಲಕ್ಕೆ ಮಂಚ, ಅದರಲ್ಲಿ ಕತೆಯ ಜೋಡಿ ಕೇಟಿ ಮತ್ತು ಮೈಕಾ ಮಲಗಿದ್ದಾರೆ. ಎಡಕ್ಕೆ ತೆರೆದ ಬಾಗಿಲು, ಆಚೆ ಕತ್ತಲ ಹಜಾರ. ಮೂಲೆಯಲ್ಲಿ ಗಂಟೆ, ನಿಮಿಷ, ಸೆಕೆಂಡು ಓಡುತ್ತಿರುತ್ತವೆ. ನಿಮ್ಮ ಕಣ್ಣು ಸಹಜವಾಗಿಯೇ ಮಲಗಿದವರ ಕಡೆ ಹೋಗುತ್ತದೆ, ಆದರೆ ಪರದೆಯ ಅಷ್ಟು ಜಾಗವನ್ನು ಬಾಗಿಲಿಗೇ ಬಿಟ್ಟುಕೊಟ್ಟಿದ್ದಾನಲ್ಲ ಎಂಬ ಅನುಮಾನ ಬಿಡುವುದಿಲ್ಲ. ಬೇರೆ ಚಿತ್ರದಲ್ಲಾಗಿದ್ದರೆ ಕ್ಯಾಮೆರಾ ತಿರುಗಿ ಎಲ್ಲಿ ನೋಡಬೇಕೆಂದು ತೋರಿಸುತ್ತಿತ್ತು. ಇಲ್ಲಿ ಯಾರೂ ತೋರಿಸುವುದಿಲ್ಲ. ಇಡೀ ಪರದೆಯನ್ನು ನೀವೇ ಕಾವಲು ಕಾಯಬೇಕು. ಒಂದು ರಾತ್ರಿ ಕೇಟಿ ನಿದ್ದೆಯಲ್ಲಿ ಎದ್ದು, ಮಂಚದ ಪಕ್ಕ ನಿಂತು ಮೈಕಾನನ್ನೇ ನೋಡುತ್ತಾಳೆ. ಮೂಲೆಯ ಗಡಿಯಾರ ಸರಸರನೆ ಓಡುತ್ತದೆ. ಅವಳು ಗಂಟೆಗಟ್ಟಲೆ ಹಾಗೇ ನಿಂತಿದ್ದಳು ಎಂಬುದು ಆ ಅಂಕಿಗಳಿಂದಲೇ ತಿಳಿಯಬೇಕು. ಇದಕ್ಕೆ ಮೇಕಪ್ ಬೇಡ, ಗ್ರಾಫಿಕ್ಸ್ ಬೇಡ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಇದಕ್ಕಿಂತ ಭಯದ ದೃಶ್ಯವಿಲ್ಲ.

ಕಿವಿಗೂ ಕೆಲಸವಿದೆ. ಹಿನ್ನೆಲೆ ಸಂಗೀತವಿಲ್ಲ. ರಾತ್ರಿಯ ದೃಶ್ಯಗಳಲ್ಲಿ ಏನಾದರೂ ಆಗುವ ಮುಂಚೆ ತಗ್ಗಿದ ಒಂದು ಗುಂಯ್‌ಗುಡುವಿಕೆ ಮೆಲ್ಲಗೆ ಏರುತ್ತದೆ. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಅದು ಕೇಳಿಸುವುದೇ ಇಲ್ಲ, ಆದ್ದರಿಂದ ಇಂಥ ಚಿತ್ರವನ್ನು ಇಯರ್‌ಫೋನ್ ಹಾಕಿಕೊಂಡೇ ನೋಡಬೇಕು.

ಇನ್ನು ಮನೆಯ ಜಗಳ. ಕೇಟಿಗೆ ಚಿಕ್ಕಂದಿನಿಂದಲೂ ದೆವ್ವದ ಕಾಟ. ಅವಳಿಗೆ ಬೇಕಾದ್ದು ನೆಮ್ಮದಿ, ಮೈಕಾನಿಗೆ ಬೇಕಾದ್ದು ಪುರಾವೆ. ಅವನು ಕ್ಯಾಮೆರಾ ಕೊಂಡು ತರುತ್ತಾನೆ, ಬೇಡ ಎಂದರೂ ಪ್ರೇತಗಳನ್ನು ಕರೆಯುವ ಹಲಗೆ ತರುತ್ತಾನೆ, ಕಾಣದ್ದನ್ನು ಕೆಣಕುತ್ತಾನೆ. ನಾವು ನೋಡುತ್ತಿರುವ ಸಿನಿಮಾ ಎಂದರೆ ಅವನ ಹಟವೇ. ಅವಳ ಮಾತು ಕೇಳಿ ಕ್ಯಾಮೆರಾ ಆರಿಸಿದ್ದರೆ ಕತೆಯೇ ಇರುತ್ತಿರಲಿಲ್ಲ.

ಇಷ್ಟು ಕೈಗೆ ಹತ್ತಿದ ಮೇಲೆ ‘ಅಂಡರ್ ದಿ ಶ್ಯಾಡೋ’ಗೆ ಬನ್ನಿ. 2016ರ ಈ ಚಿತ್ರದ ನಿರ್ದೇಶಕ ಬಾಬಕ್ ಅನ್ವರಿ ಹುಟ್ಟಿದ್ದು ಟೆಹ್ರಾನಿನಲ್ಲಿ, ನೆಲೆಸಿದ್ದು ಬ್ರಿಟನ್ನಿನಲ್ಲಿ. ಚಿತ್ರೀಕರಣ ನಡೆದದ್ದು ಜೋರ್ಡಾನಿನಲ್ಲಿ, ಮಾತೆಲ್ಲ ಫಾರ್ಸಿ. ಆ ವರ್ಷ ಆಸ್ಕರಿನ ವಿದೇಶಿ ಭಾಷಾ ವಿಭಾಗಕ್ಕೆ ಬ್ರಿಟನ್ ಕಳಿಸಿದ್ದು ಇದನ್ನೇ. ಈ ಪ್ರಕಾರದಲ್ಲಿ ನಾನು ಮೊದಲ ಸ್ಥಾನ ಕೊಡುವ ಚಿತ್ರವೂ ಇದೇ.

1988. ಇರಾನ್–ಇರಾಕ್ ಯುದ್ಧದ ಕೊನೆಯ ವರ್ಷ, ಟೆಹ್ರಾನಿನ ಮೇಲೆ ಕ್ಷಿಪಣಿಗಳು ಬೀಳುತ್ತಿವೆ. ಶಿದೆಹ್ ವೈದ್ಯಕೀಯ ಓದುತ್ತಿದ್ದವಳು. ಕ್ರಾಂತಿಯ ದಿನಗಳಲ್ಲಿ ಎಡಪಂಥೀಯರ ಜೊತೆ ಗುರುತಿಸಿಕೊಂಡಿದ್ದಳೆಂಬ ಕಾರಣಕ್ಕೆ ವಿಶ್ವವಿದ್ಯಾಲಯ ಅವಳನ್ನು ವಾಪಸ್ ಸೇರಿಸಿಕೊಳ್ಳುವುದಿಲ್ಲ. ಗಂಡ ಇರಾಜ್ ಡಾಕ್ಟರು, ಅವನಿಗೆ ಯುದ್ಧಭೂಮಿಗೆ ಕರೆ ಬರುತ್ತದೆ. ಮಗಳು ದೊರ್ಸಾಳನ್ನು ಕರೆದುಕೊಂಡು ನನ್ನ ಅಪ್ಪ ಅಮ್ಮನ ಮನೆಗೆ ಹೋಗು ಎಂದು ಅವನು, ಹೋಗುವುದಿಲ್ಲ ಎಂದು ಇವಳು. ಗಂಡ ಹೊರಟುಹೋಗುತ್ತಾನೆ. ಮಹಡಿಯ ಮೇಲೆ ಒಂದು ಕ್ಷಿಪಣಿ ಬಂದು ಬೀಳುತ್ತದೆ, ಸಿಡಿಯುವುದಿಲ್ಲ. ಆದರೆ ಇವರ ಮನೆಯ ಚಾವಣಿ ಬಿರುಕು ಬಿಡುತ್ತದೆ. ದೊರ್ಸಾಳ ಗೊಂಬೆ ಕಾಣೆಯಾಗುತ್ತದೆ. ಗಾಳಿಯ ಜೊತೆ ಜಿನ್ನ್ ಬಂದಿದೆ ಎಂದು ನೆರೆಯವರು ಪಿಸುಗುಡುತ್ತಾರೆ. ನಿಮಗೆ ಪ್ರಿಯವಾದ ವಸ್ತುವೊಂದು ಅದರ ಕೈಸೇರಿದರೆ ಮುಗಿಯಿತು, ಎಲ್ಲಿ ಹೋದರೂ ಬೆನ್ನು ಹತ್ತುತ್ತದೆ.

ಇದನ್ನು ಎರಡು ಸಲ ನೋಡಿ. ಮೊದಲ ಸಲ ಕತೆಗೆ, ಎರಡನೆಯ ಸಲ ವಸ್ತುಗಳಿಗೆ. ಕಿಟಕಿಯ ಗಾಜಿಗೆ ಕತ್ತರಿಯಾಕಾರದಲ್ಲಿ ಅಂಟಿಸಿದ ಟೇಪು. ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಡಬೇಕಾದ ವಿಸಿಆರ್. ಅದರಲ್ಲಿ ಹಾಕಿ ಶಿದೆಹ್ ದಿನಾ ಬೆವರು ಸುರಿಸುವ ಜೇನ್ ಫಾಂಡಾಳ ವ್ಯಾಯಾಮದ ಕ್ಯಾಸೆಟ್ಟು. ತಾಯಿ ಕೊಟ್ಟಿದ್ದ ವೈದ್ಯಕೀಯ ಪುಸ್ತಕ. ಮೊದಲ ನೋಟಕ್ಕೆ ಇವು ಬರೀ ಕಾಲ ತಿಳಿಸುವ ಸಾಮಾನು. ಎರಡನೆಯ ನೋಟಕ್ಕೆ ಒಂದೊಂದೂ ಆ ಹೆಂಗಸಿಗೆ ಉಳಿದಿರುವ ಚೂರು ಸ್ವಾತಂತ್ರ್ಯ. ಜಿನ್ನ್ ಕೈಹಾಕುವುದು ಅದಕ್ಕೇ. ಕಟ್ಟಡ ಒಂದೊಂದೇ ಸಂಸಾರವಾಗಿ ಖಾಲಿಯಾಗುತ್ತ ಬರುತ್ತದೆ. ನಿರ್ಮಾಪಕನ ಲೆಕ್ಕದಲ್ಲಿ ನಟರು ಕಡಿಮೆ, ನಮ್ಮ ಲೆಕ್ಕದಲ್ಲಿ ಆಸರೆ ಕಡಿಮೆ.

ಒಂದು ರಾತ್ರಿ ಹೆದರಿ ನಡುಗುತ್ತ ಅವಳು ಮಗಳನ್ನು ಎತ್ತಿಕೊಂಡು ಬೀದಿಗೆ ಓಡುತ್ತಾಳೆ. ತಲೆಯ ಮೇಲೆ ಬಟ್ಟೆಯಿಲ್ಲ. ಗಸ್ತಿನವರು ಹಿಡಿಯುತ್ತಾರೆ. ಏನಾಯಿತಮ್ಮಾ ಎಂದು ಕೇಳುವ ಬದಲು ಠಾಣೆಗೆ ಒಯ್ದು, ತಲೆ ಮೈ ಮುಚ್ಚುವ ಚಾದರ ಹೊದಿಸಿ, ಬುದ್ಧಿವಾದ ಹೇಳಿ ಕಳಿಸುತ್ತಾರೆ. ಮನೆಯೊಳಗೆ ದೆವ್ವ, ಹೊರಗೆ ಪೊಲೀಸು. ಈಗ ಜಿನ್ನ್ ಯಾವ ರೂಪದಲ್ಲಿ ಬರುತ್ತದೆ ನೋಡಿ: ಮುಖವಿಲ್ಲದೆ ಗಾಳಿಯಲ್ಲಿ ಹಾರಾಡುವ ಒಂದು ಚಾದರ. ದೆವ್ವಕ್ಕಾದ ವೇಷಭೂಷಣ ಇಷ್ಟೇ, ಒಂದು ಬಟ್ಟೆ! ಕೈಯಲ್ಲಿ ಕೋಟಿಗಟ್ಟಲೆ ಇದ್ದಿದ್ದರೆ ಕೋರೆಹಲ್ಲಿನ ಪ್ರಾಣಿಯೊಂದು ಬರುತ್ತಿತ್ತು, ಈ ಅರ್ಥ ಹೋಗುತ್ತಿತ್ತು.

ಪ್ರತಿ ದೆವ್ವಕ್ಕೂ ಅದರ ನೆಲದ, ನಂಬಿಕೆಯ ಕಾನೂನಿದೆ ಎಂಬುದನ್ನೂ ಇಲ್ಲಿಂದಲೇ ಕಲಿಯಬಹುದು. ಜಿನ್ನ್ ಸತ್ತವರ ಆತ್ಮವಲ್ಲ, ಇಸ್ಲಾಮಿನ ಪ್ರಕಾರ ಅದು ಬೇರೆಯೇ ಸೃಷ್ಟಿ. ಹಾಗಾಗಿ ‘ಅದರ ಹಿಂದಿನ ಕತೆ ಏನು, ಯಾರು ಕೊಂದಿದ್ದು’ ಎಂದು ಕೇಳಿ ಪ್ರಯೋಜನವಿಲ್ಲ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೋಲದಲ್ಲಿ ದೈವ ಮೈಮೇಲೆ ಬಂದಾಗ ಊರು ಕೈಮುಗಿದು ನಿಲ್ಲುತ್ತದೆ, ನ್ಯಾಯ ಕೇಳುತ್ತದೆ. ಅದನ್ನು ಹಾಲಿವುಡ್ಡಿನ ಭೂತೋಚ್ಚಾಟನೆಯ ಕಣ್ಣಿಂದ ನೋಡಿದರೆ ಹೇಗೆ ತಪ್ಪೋ, ಟೆಹ್ರಾನಿನ ಜಿನ್ನನ್ನು ನಮ್ಮ ಹುಣಸೆಮರದ ಮೋಹಿನಿಯ ಲೆಕ್ಕಕ್ಕೆ ಸೇರಿಸುವುದೂ ಹಾಗೇ ತಪ್ಪು.

ಇನ್ನೊಂದು ಚಿತ್ರ ‘ದಿ ಬಾಬಡೂಕ್’ (2014) ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ತಯಾರಾದದ್ದು, ಜೆನಿಫರ್ ಕೆಂಟ್ ಅವರ ಮೊದಲ ಪೂರ್ಣಪ್ರಮಾಣದ ಚಿತ್ರ. ಸೆಟ್ಟಿನ ಖರ್ಚಿಗೆಂದು ಜನರಿಂದ ಸುಮಾರು 30,000 ಡಾಲರ್ ಚಂದಾ ಎತ್ತಿದ್ದರು. ಹೆರಿಗೆಗೆಂದು ಆಸ್ಪತ್ರೆಗೆ ಹೋಗುವಾಗ ಕಾರು ಅಪಘಾತವಾಗಿ ಕತೆಯ ನಾಯಕಿ ಅಮೀಲಿಯಾಳ ಗಂಡ ಸತ್ತಿದ್ದಾನೆ. ಮಗನ ಹುಟ್ಟುಹಬ್ಬ, ಗಂಡನ ತಿಥಿ ಒಂದೇ ದಿನ. ಮೊದಲರ್ಧದಲ್ಲಿ ಆ ಹುಡುಗನ ಕಿರುಚಾಟ ತಡೆಯಲಾಗುವುದಿಲ್ಲ. ನಮಗೇ ಅವನಿಗೊಂದು ಬಿಡೋಣ ಅನ್ನಿಸುತ್ತದೆ. ಹಾಗನ್ನಿಸಲೆಂದೇ ಅದನ್ನು ಹಾಗೆ ಮಾಡಿದ್ದಾರೆ. ಆ ಕೋಪ ನಮ್ಮೊಳಗೆ ಬಲಿತ ಮೇಲೆ ದೆವ್ವ ತಾಯಿಯನ್ನು ಹಿಡಿಯುತ್ತದೆ, ನಾವು ಬೆಚ್ಚಿಬಿದ್ದು ಹುಡುಗನ ಪಕ್ಷ ವಹಿಸುತ್ತೇವೆ. ತೆರೆಯ ಹಿಂದಿನ ಒಂದು ಸಂಗತಿಯನ್ನೂ ಹೇಳಬೇಕು. ತಾಯಿ ಮಗನಿಗೆ ಕ್ರೂರವಾಗಿ ಬೈಯುವ ಮಾತುಗಳನ್ನು ಎಸ್ಸೀ ಡೇವಿಸ್ ಆಡುವಾಗ ಮಗನ ಪಾತ್ರದ ಪುಟ್ಟ ನೋವಾ ವೈಸ್‌ಮನ್ ಅಲ್ಲಿರಲಿಲ್ಲ. ಅವನ ಜಾಗದಲ್ಲಿ ದೊಡ್ಡವರೊಬ್ಬರು ಮಂಡಿಯೂರಿ ಕೂತಿದ್ದರು. ಕಡಿಮೆ ದುಡ್ಡಿನಲ್ಲಿ, ಅವಸರದಲ್ಲಿ ಕೆಲಸ ಮಾಡುವವರೂ ಇಷ್ಟು ಜೋಪಾನ ಮಾಡಬಹುದು.

ಹತ್ತಿರದ್ದೇ ಬೇಕೆಂದರೆ ಮಲಯಾಳದ ‘ಭೂತಕಾಲಂ’ (2022) ಇದೆ. ನಿರ್ದೇಶಕ ರಾಹುಲ್ ಸದಾಶಿವನ್. ಖಿನ್ನತೆಯ ತಾಯಿ, ಕೆಲಸವಿಲ್ಲದ ಮಗ, ಅಜ್ಜಿ ಸತ್ತ ಮನೆ. ಮಗನಿಗೆ ಕೇಳಿಸುವ ಸದ್ದು ದೆವ್ವದ್ದೋ ಕುಡಿತದ್ದೋ ಎಂದು ನೆಂಟರಿಷ್ಟರು ಚರ್ಚಿಸುವ ರೀತಿ ನಮ್ಮ ಯಾವ ಬಡಾವಣೆಯಲ್ಲಾದರೂ ನಡೆದೀತು. ರೇವತಿ ಅವರಿಗೆ ಈ ಪಾತ್ರಕ್ಕೆ ಕೇರಳ ರಾಜ್ಯದ ಅತ್ಯುತ್ತಮ ನಟಿ ಪ್ರಶಸ್ತಿ ಬಂತು, ನ್ಯಾಯವಾಗಿಯೇ ಬಂತು.

ಕಡಿಮೆ ದುಡ್ಡಿನ ಚಿತ್ರವೆಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಜೊಳ್ಳೇ ಜಾಸ್ತಿ. ಸುಮ್ಮನಿದ್ದ ದೃಶ್ಯದಲ್ಲಿ ದಢಾರನೆ ಸದ್ದು ಮಾಡಿ ಬೆಚ್ಚಿಬೀಳಿಸುವುದು ಒಂದು. ಬೆನ್ನ ಹಿಂದೆ ಪಟಾಕಿ ಹಚ್ಚಿದರೂ ಬೆಚ್ಚಿಬೀಳುತ್ತೇವೆ, ಅದಕ್ಕೆ ನಿರ್ದೇಶಕ ಯಾಕೆ ಬೇಕು? ಅರ್ಧ ಚಿತ್ರವಾದ ಮೇಲೆ ಮಂತ್ರವಾದಿಯೋ ಪಾದ್ರಿಯೋ ಬಂದು ದೆವ್ವದ ಜಾತಕ ಓದಿ ಹೇಳುವುದು ಇನ್ನೊಂದು. ‘ಅಂಡರ್ ದಿ ಶ್ಯಾಡೋ’ದಲ್ಲೂ ಬೆಚ್ಚಿಬೀಳಿಸುವ ಕ್ಷಣಗಳು ಅಗತ್ಯಕ್ಕಿಂತ ಎರಡು ಮೂರು ಹೆಚ್ಚೇ ಇವೆ. ಚಿತ್ರ ಒಳ್ಳೆಯದೋ ಅಲ್ಲವೋ ಎಂದು ತೂಗಲು ನಾನು ಬಳಸುವ ಅಳತೆ ಸುಲಭದ್ದು. ಕತೆಯಿಂದ ದೆವ್ವವನ್ನು ತೆಗೆದುಹಾಕಿ ನೋಡಿ. ಆಮೇಲೂ ಆ ಮನೆಯಲ್ಲೊಂದು ಕತೆ ಉಳಿದರೆ ಚಿತ್ರ ಗಟ್ಟಿ.

ದೀಪ ಆರಿಸಿ, ಫೋನು ಬೇರೆ ಕೋಣೆಯಲ್ಲಿಡಿ. ಡಬ್ಬಿಂಗ್ ಬೇಡ, ಮೂಲ ಭಾಷೆಯಲ್ಲೇ ಸಬ್‌ಟೈಟಲ್ ಇಟ್ಟುಕೊಂಡು ನೋಡಿ, ಫಾರ್ಸಿಯ ಪಿಸುಮಾತಿಗೆ ಬೇರೆ ದನಿ ಕೂರುವುದಿಲ್ಲ. ಚಿಕ್ಕ ಮಕ್ಕಳು ಮಲಗಿದ ಮೇಲೆಯೇ ಶುರು ಮಾಡಿ. ಮೊದಲು ‘ಭೂತಕಾಲಂ’, ಆಮೇಲೆ ‘ಬಾಬಡೂಕ್’, ಆಮೇಲೆ ‘ಅಂಡರ್ ದಿ ಶ್ಯಾಡೋ’. ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯನ್ನು ಒಬ್ಬರೇ ಇರುವ ರಾತ್ರಿಗೆ ಇಟ್ಟುಕೊಳ್ಳಿ. ಅದಕ್ಕೆ ಒಂದಕ್ಕಿಂತ ಹೆಚ್ಚು ಅಂತ್ಯಗಳಿವೆ, ಯಾವುದು ಸಿಕ್ಕಿದರೂ ನಡೆಯುತ್ತದೆ. ಮುಂದಿನ ಭಾಗಗಳ ತಂಟೆಗೆ ಮಾತ್ರ ಹೋಗಬೇಡಿ. ದುಡ್ಡು ಬಂದ ಮೇಲೆ ಮಾಡಿದವು ಅವು, ಮೊದಲನೆಯದೊಂದೇ ಸಾಕು.