ಟ್ಯಾನ್ಸಿ ಹೂವಿಗೆ ಬಂದ ಸೊಳ್ಳೆ

1940ರ ಬಾಂಬ್ ದಾಳಿಗೆ ಹೆದರಿ ಸುರಂಗ ರೈಲು ನಿಲ್ದಾಣಗಳಲ್ಲಿ ಮಲಗಿದ ಲಂಡನ್ನಿನವರನ್ನು ಕಚ್ಚಿ ಕುಖ್ಯಾತವಾದದ್ದು ಕ್ಯೂಲೆಕ್ಸ್ ಸೊಳ್ಳೆ. ನೆಲದ ಮೇಲಿರುವ ಅದರ ಬಳಗ ನನಗೆ ಪ್ರಿಯವಾದದ್ದು ಹೂವಿನಿಂದಾಗಿ. ಗಂಡು ಸೊಳ್ಳೆ ರಕ್ತ ಮುಟ್ಟುವುದೇ ಇಲ್ಲ; ಹೆಣ್ಣಿಗೂ ಅದು ಬೇಕಾಗುವುದು ಮೊಟ್ಟೆಗಾಗಿ. ಹಾರಾಟಕ್ಕೆ ಎರಡಕ್ಕೂ ಮಕರಂದವೇ ಆಸರೆ. ಮುಸ್ಸಂಜೆ ಕಂಪಿನ ಜಾಡು ಹಿಡಿದು ಬಂದು, ಟ್ಯಾನ್ಸಿಯ ಹಳದಿ ಗುಂಡಿಯಂಥ ಹೂಗೊಂಚಲಿಗೆ ಆ ಸಪೂರ ಸೊಂಡಿಲನ್ನು ಇಳಿಸುವ ನಾಜೂಕು ನೋಡಬೇಕು! ಮೈಗಂಟಿದ ಪರಾಗ ಮುಂದಿನ ಹೂವಿಗೆ ಸಾಗುತ್ತದೆ. ಜೇನಿನಷ್ಟು ದುಡಿಮೆ ಇದರದಲ್ಲ, ನಿಜ. ಆದರೂ ಈ ಬಳಗದ ಕ್ಯೂಲೆಕ್ಸ್ ಪಿಪಿಯೆನ್ಸ್ ಸೊಳ್ಳೆ ಬಂದುಹೋದ ಟ್ಯಾನ್ಸಿ ಬೀಜ ಕಟ್ಟುತ್ತದೆಂದು ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಅದೇ ಸೊಳ್ಳೆ, ಅದೇ ಗಿಡ ಲಂಡನ್ನಿನಲ್ಲೂ ಇವೆ.