ಕಲ್ಲು ಹೊತ್ತ ಋಣ: ಊರ ವೀರಗಲ್ಲು ಮತ್ತು ಯುದ್ಧಸ್ಮಾರಕಗಳ ಒಂದು ಪಠ್ಯಪರಿಶೀಲನೆ

೧

ಸಿಕಂದರಾಬಾದಿನ ಪೆರೇಡ್ ಮೈದಾನದಲ್ಲಿರುವ ಯುದ್ಧಸ್ಮಾರಕದ ಹೆಸರು ‘ವೀರುಲ ಸೈನಿಕ್ ಸ್ಮಾರಕ್’. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳಂದು ರಾಜ್ಯದ ಪ್ರಮುಖರು ಇಲ್ಲಿ ಪುಷ್ಪಚಕ್ರವಿರಿಸುವುದು ವಾಡಿಕೆ. ಹೆಸರಿನ ಮೊದಲ ಪದ ತೆಲುಗಿನ ಷಷ್ಠೀ ಬಹುವಚನ. ಕನ್ನಡದಲ್ಲಿ ಅದು ‘ವೀರರ’ ಎಂದಾಗುತ್ತದೆ. ಉಳಿದೆರಡು ಸಂಸ್ಕೃತಮೂಲದ ಪದಗಳು ಹಿಂದಿಯ ಉಚ್ಚಾರಣೆಯನ್ನು ತಳೆದು ಬಂದಿವೆ. ಶಾಸನಗಳನ್ನು ಓದುವ ರೂಢಿಯುಳ್ಳವರನ್ನು ಇಲ್ಲಿಯ ಭಾಷಾಮಿಶ್ರಣಕ್ಕಿಂತ ಹೆಚ್ಚಾಗಿ ಆ ಬಹುವಚನವೇ ತಡೆದು ನಿಲ್ಲಿಸುತ್ತದೆ. ನಮ್ಮ ವೀರಗಲ್ಲು ಸಾಮಾನ್ಯವಾಗಿ ಏಕವಚನದ ಬರಹ. ಇಂಥವನು, ಇಂಥ ಊರಿನಲ್ಲಿ, ಇಂಥ ಕಾರಣಕ್ಕೆ ಕಾದಿ ಸತ್ತನು ಎಂಬುದೇ ಅದರ ವಾಕ್ಯ.

ಆಧುನಿಕ ಯುದ್ಧಸ್ಮಾರಕವು ವೀರಗಲ್ಲಿನ ಪರಂಪರೆಯ ಮುಂದುವರಿಕೆ ಎಂಬ ಮಾತು ಸಮಾರಂಭದ ಭಾಷಣಗಳಲ್ಲಿಯೂ ಸಂಶೋಧನ ಬರಹಗಳಲ್ಲಿಯೂ ಆಗಾಗ ಕೇಳಿಬರುತ್ತದೆ. ಕಲ್ಲು, ವೀರ, ಹೂವು ಇವು ಮೂರೂ ಎರಡು ಕಡೆಯೂ ಇರುವುದರಿಂದ ಈ ಮಾತು ಸಹಜವೆಂದು ತೋರುತ್ತದೆ. ಆದರೆ ಎರಡರ ವಾಕ್ಯರಚನೆಯನ್ನು ಹೋಲಿಸಿ ನೋಡಿದರೆ ಸಾಮ್ಯ ಹೊರಮೈಗೆ ಸೀಮಿತವೆಂದು ತಿಳಿಯುತ್ತದೆ. ವೀರಗಲ್ಲಿನ ಪಠ್ಯ ಮೂಲತಃ ಸ್ತುತಿಯಲ್ಲ, ಋಣಪತ್ರ. ಸತ್ತವನಿಗೆ ಯಾರು ಏನನ್ನು ಕೊಡಬೇಕು, ಅದನ್ನು ಯಾರು ನಡೆಸಿಕೊಂಡು ಹೋಗಬೇಕು, ತಪ್ಪಿದವನಿಗೆ ಏನಾಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಆಧುನಿಕ ಸ್ಮಾರಕದಲ್ಲಿ ಸ್ತುತಿ ಉಳಿದಿದೆ, ಋಣದ ವಾಕ್ಯ ಬಿಟ್ಟುಹೋಗಿದೆ. ಈ ವ್ಯತ್ಯಾಸವನ್ನೂ ಅದರ ಪರಿಣಾಮವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಿಂದ ಬಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದ ಶಿಲಾಶಾಸನ ವಿದ್ವಾಂಸರಿಗೆ ಸುಪರಿಚಿತ. ಶಕ ೮೭೨, ಎಂದರೆ ಕ್ರಿ.ಶ. ೯೪೯-೫೦ರ ಈ ಕಲ್ಲು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ತಕ್ಕೋಲದ ಕಾಳಗದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಇದರಲ್ಲಿದೆ. ರಾಜಕೀಯ ಚರಿತ್ರೆಕಾರರಿಗೆ ಇದು ಮುಖ್ಯವಾದದ್ದು ಇದೊಂದೇ ಕಾರಣದಿಂದ. ಉಳಿದ ಭಾಗವನ್ನು, ಎಂದರೆ ಕಾಳಿ ಎಂಬ ನಾಯಿಯ ವೃತ್ತಾಂತವನ್ನು, ಕುತೂಹಲದ ವಿಷಯವೆಂದು ಒಂದೆರಡು ಸಾಲಿನಲ್ಲಿ ಹೇಳಿ ಮುಗಿಸುವುದುಂಟು. ಆದರೆ ಕಲ್ಲು ನೆಟ್ಟದ್ದು ರಾಜಾದಿತ್ಯನ ವಧೆಗಾಗಿಯೂ ಅಲ್ಲ, ಬೂತುಗನ ಕೀರ್ತಿಗಾಗಿಯೂ ಅಲ್ಲ, ಆ ನಾಯಿಗಾಗಿ.

ಬೂತುಗನ ಆಳು ಮಣಲೆರನು ಕಾಳಗದಲ್ಲಿ ಮೆರೆದನು. ಒಡೆಯನು ಮೆಚ್ಚಿ ಬೇಡಿಕೊಳ್ಳೆನ್ನಲು ಕಾಳಿಯನ್ನು ಬೇಡಿ ಪಡೆದನು. ಕೆಲಲೆ ನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ದೊಡ್ಡದೊಂದು ಹಂದಿಯ ಮೇಲೆ ಅದನ್ನು ಬಿಡಲು ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲನ್ನು ನೆಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗದ ಮಣ್ಣನ್ನು ಬಿಟ್ಟುಕೊಟ್ಟರು.

ಪಠ್ಯ ಇಲ್ಲಿಗೆ ನಿಲ್ಲುವುದಿಲ್ಲ. ಒಕ್ಕಲಾಗಲಿ, ನಾಡನ್ನಾಳುವವನಾಗಲಿ, ಊರನ್ನಾಳುವವನಾಗಲಿ ಆ ಮಣ್ಣನ್ನು ಕೆಡಿಸಿದರೆ ನಾಯಿಯ ಪಾಪ ಅವನನ್ನು ಹೊಂದುತ್ತದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ. ಇಂಥ ಭಾಗಗಳನ್ನು ‘ಶಾಪಾಶಯ’ ಎಂದು ವರ್ಗೀಕರಿಸಿ, ಸಿದ್ಧಮಾದರಿಯೆಂದು ಬದಿಗಿರಿಸುವುದು ನಮ್ಮ ಸಂಪಾದನ ಪದ್ಧತಿ. ವಾಸ್ತವವಾಗಿ ಕಲ್ಲಿನ ಜೀವ ಇರುವುದು ಇಲ್ಲಿ. ನೆನಪು ಎಂಬುದು ಇಲ್ಲಿ ಭಾವವಲ್ಲ, ದಿನದ ಕೆಲಸ. ಅದಕ್ಕೆ ಒಬ್ಬ ನಿಯುಕ್ತನಿದ್ದಾನೆ. ಅವನ ಅನ್ನಕ್ಕೆ ಆಧಾರವಾದ ನೆಲವಿದೆ. ಅವನ ಊಟಕ್ಕೆ ಒಂದು ಷರತ್ತಿದೆ. ವರ್ಷಕ್ಕೆರಡು ಬಾರಿ ಇರಿಸುವ ಪುಷ್ಪಚಕ್ರಕ್ಕೂ ಇದಕ್ಕೂ ಇರುವ ಅಂತರ ಭಕ್ತಿಯ ಪ್ರಮಾಣದ್ದಲ್ಲ, ವ್ಯವಸ್ಥೆಯ ಸ್ವರೂಪದ್ದು.

ಬೇಗೂರಿನ ಪ್ರಸಿದ್ಧ ವೀರಗಲ್ಲೂ ಇದನ್ನೇ ಸಮರ್ಥಿಸುತ್ತದೆ. ತುಂಬೆಪಾಡಿಯಲ್ಲಿ ವೀರಮಹೇಂದ್ರನ ಎದುರು ಕಾದಿ ನಾಗತ್ತರನು ಬಿದ್ದನು. ಇದನ್ನು ಕೇಳಿದ ಗಂಗ ಎರೆಯಪ್ಪನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಸತ್ತವನ ಹೆಸರು ಇಲ್ಲಿ ಒಂದು ಪದವಿಯಾಗಿ ಬದುಕಿರುವವನ ಮೈಮೇಲೆ ಬರುತ್ತದೆ. ಅದೇ ಊರಿನ ನಾಗೇಶ್ವರ ದೇವಾಲಯದ ಮತ್ತೊಂದು ಚಿಕ್ಕ ಶಾಸನ ಬೆಂಗಳೂರ ಕಾಳೆಗದಲ್ಲಿ ಸತ್ತ ಬುಟ್ಟನಸೆಟ್ಟಿಯನ್ನು ಹೆಸರಿಸುತ್ತದೆ. ಇಂದು ಇದನ್ನು ಉಲ್ಲೇಖಿಸುವವರೆಲ್ಲ ಬೆಂಗಳೂರೆಂಬ ಹೆಸರಿನ ಪ್ರಾಚೀನತೆಗಾಗಿ ಉಲ್ಲೇಖಿಸುತ್ತಾರೆ. ಕಲ್ಲು ಮಾತ್ರ ಊರಿಗಾಗಿ ನಿಂತದ್ದಲ್ಲ, ಸತ್ತವನಿಗಾಗಿ ನಿಂತದ್ದು.

೩

ಈ ಋಣದ ಕಲ್ಪನೆಯನ್ನು ಕಾವ್ಯದೊಡನೆ ಇಟ್ಟು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಸಿಕಂದರಾಬಾದಿನಲ್ಲಿ ಕುಳಿತು ಬರೆಯುವವನಿಗೆ ಇಲ್ಲಿ ಮೊದಲು ನೆನಪಾಗುವುದು ಇದೇ ತೆಲಂಗಾಣದ ವೇಮುಲವಾಡ. ಅಲ್ಲಿಯ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿ ಪಂಪನು ಸುಮಾರು ೯೪೧ರಲ್ಲಿ ವಿಕ್ರಮಾರ್ಜುನ ವಿಜಯವನ್ನು ರಚಿಸಿದನು. ಆತಕೂರಿನ ಕಲ್ಲಿಗಿಂತ ಅದು ಹತ್ತು ವರ್ಷಕ್ಕೂ ಹಿರಿದಲ್ಲ. ಆ ಕಾವ್ಯದ ಕರ್ಣನನ್ನು ಕಟ್ಟಿಹಾಕುವುದು ಉಂಡ ಅನ್ನದ ಹಂಗು. ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಮಧ್ಯಯುಗದ ಪದಗಳೆಲ್ಲ ಇದೇ ದಿಕ್ಕಿನವು. ಆಳು ಒಡೆಯನಿಗೆ ತೀರಿಸಬೇಕಾದ ಸಾಲವನ್ನು ಅವು ಹೇಳುತ್ತವೆ. ಈ ಮೌಲ್ಯಗಳ ಹಿನ್ನೆಲೆಯನ್ನು ಎಂ. ಚಿದಾನಂದಮೂರ್ತಿಯವರು ೧೯೬೬ರ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿಯೂ, ವೀರಗಲ್ಲುಗಳ ವೈವಿಧ್ಯವನ್ನು ಆರ್. ಶೇಷಶಾಸ್ತ್ರಿಯವರು ಕರ್ನಾಟಕದ ವೀರಗಲ್ಲುಗಳು ಎಂಬ ಗ್ರಂಥದಲ್ಲಿಯೂ ವಿವರಿಸಿದ್ದಾರೆ.

ಕಾವ್ಯ ಹೇಳುವುದು ಸಾಲದ ಒಂದು ಮುಖವನ್ನು. ವೀರಗಲ್ಲು ಅದರ ಮರುಮುಖವನ್ನು ಬರೆದಿಡುತ್ತದೆ. ಆಳು ಜೋಳದ ಋಣವನ್ನು ಪ್ರಾಣದಿಂದ ತೀರಿಸಿದ ಕ್ಷಣದಲ್ಲಿಯೇ ಒಡೆಯ ಅಥವಾ ಊರು ಸಾಲಗಾರನಾಗುತ್ತದೆ. ಕಲ್ನಾಡು, ನೆತ್ತರುಗೊಡಗೆ ಮುಂತಾದ ಶಬ್ದಗಳು ಆ ಮರುಸಾಲದ ಹೆಸರುಗಳು. ಕತ್ತಿ ತೊಳೆದು ಕೊಡುವ ದತ್ತಿ ಎಂಬ ಅರ್ಥದ ಬಾಳ್ಗಚ್ಚು ಬದುಕಿ ಬಂದ ಯೋಧನಿಗೂ ಸಲ್ಲುತ್ತಿತ್ತು. ಕನ್ನಡದ ಮೊದಲ ಶಾಸನವೆಂದು ಬಹುಕಾಲ ಗಣಿಸಲ್ಪಟ್ಟ ಸುಮಾರು ೪೫೦ರ ಹಲ್ಮಿಡಿ ಶಾಸನ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿಗಳನ್ನು ಬಾಳ್ಗಚ್ಚಾಗಿ ಕೊಟ್ಟ ಸಂಗತಿಯನ್ನೇ ದಾಖಲಿಸುತ್ತದೆ. ನಮ್ಮ ಭಾಷೆಯ ಅತಿ ಹಳೆಯ ಗದ್ಯಗಳಲ್ಲೊಂದು ಯೋಧನಿಗೆ ಸಂದ ಬಾಕಿಯ ಪತ್ರ ಎಂಬುದು ಸಾಮಾನ್ಯ ಸಂಗತಿಯಲ್ಲ.

೪

ಈಗ ಆಧುನಿಕ ಕಲ್ಲಿನತ್ತ ತಿರುಗಬಹುದು. ಮೊದಲ ಮಹಾಯುದ್ಧದ ತರುವಾಯ ಬ್ರಿಟಿಷ್ ಸರ್ಕಾರ ಭಾರತದ ಅನೇಕ ಊರುಗಳಲ್ಲಿ ಒಂದೇ ಮಾದರಿಯ ಫಲಕಗಳನ್ನು ಇರಿಸಿತು. ಈ ಊರಿನಿಂದ ಇಷ್ಟು ಮಂದಿ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣ ತೆತ್ತರು ಎಂಬುದು ಅದರ ಒಕ್ಕಣೆ. ವೇಲೂರಿನ ಪೇಟೆಯ ಗಡಿಯಾರ ಗೋಪುರದ ಫಲಕದಲ್ಲಿ ಈ ಸಂಖ್ಯೆಗಳು ೨೭೭ ಮತ್ತು ೧೪. ವ್ಯಾಕರಣದ ದೃಷ್ಟಿಯಿಂದ ಈ ವಾಕ್ಯ ಗಮನಾರ್ಹ. ಕರ್ತೃ ಒಂದು ಸಂಖ್ಯೆ. ಯಾರಿಗಾಗಿ ಎಂಬ ಚತುರ್ಥಿ ಇಲ್ಲ. ಯಾರಿಂದ ಏನು ಸಂದಿತು ಎಂಬ ಎರಡನೆಯ ವಾಕ್ಯವೇ ಇಲ್ಲ. ಪಿಂಚಣಿ, ಆಯ್ದ ಕೆಲವರಿಗೆ ಜಂಗಿ ಇನಾಮು ಇದ್ದದ್ದು ನಿಜ. ಆದರೆ ಆ ಬರಹ ಕಚೇರಿಯ ಕಡತಕ್ಕೆ ಹೋಯಿತು, ಕಲ್ಲಿಗೆ ಬರಲಿಲ್ಲ. ಋಣಪತ್ರ ಒಂದೆಡೆ, ಸ್ಮಾರಕ ಮತ್ತೊಂದೆಡೆ ಎಂದು ಬೇರ್ಪಟ್ಟದ್ದು ಇಲ್ಲಿಯೇ.

ಮೂರನೆಯ ನಿಜಾಮ ಸಿಕಂದರ್ ಜಾಹನ ಹೆಸರನ್ನು ೧೮೦೬ರಲ್ಲಿ ಪಡೆದ ಈ ದಂಡಿನ ಊರಿನ ಸ್ವಂತ ಉದಾಹರಣೆ ಇನ್ನೂ ವಿಚಿತ್ರ. ೧೯೧೪ರಲ್ಲಿ ಸಿಕಂದರಾಬಾದ್ ಅಶ್ವದಳ ಬ್ರಿಗೇಡು ಫ್ರಾನ್ಸಿಗೆ ಹೋಯಿತು. ೧೯೧೬ರ ಜುಲೈ ೧೪ರಂದು ಸೊಮ್ಮ್ ರಣರಂಗದ ಹೈವುಡ್ ಬಳಿ ನಡೆದ ದಾಳಿಯಲ್ಲಿ ಇದೇ ಬ್ರಿಗೇಡಿನ ಡೆಕ್ಕನ್ ಹಾರ್ಸ್ ಕುದುರೆಪಡೆ ಪಾಲ್ಗೊಂಡಿತು. ಪಶ್ಚಿಮ ರಂಗದಲ್ಲಿ ಮಡಿದು ಗೋರಿಯೂ ಇಲ್ಲದ ೪,೭೦೦ಕ್ಕೂ ಹೆಚ್ಚು ಭಾರತೀಯ ಸೈನಿಕರ ಸ್ಮರಣೆಗೆ ೧೯೨೭ರಲ್ಲಿ ಅನಾವರಣಗೊಂಡ ನವ್‌ಶಾಪೆಲ್ ಸ್ಮಾರಕದಲ್ಲಿ ಹೆಸರುಗಳಿವೆ. ಹೀಗಾಗಿ ಅವರನ್ನು ಯಾರೂ ಅರಿಯದ ಪರದೇಶದ ಗೋಡೆಯ ಮೇಲೆ ಹೆಸರು, ಎಲ್ಲರೂ ಅರಿತಿದ್ದ ಸ್ವಂತ ಊರಿನ ಫಲಕದ ಮೇಲೆ ಬರಿಯ ಎಣಿಕೆ ಎಂಬ ವೈಪರೀತ್ಯ ಉಂಟಾಯಿತು.

ಪರದೇಶದಲ್ಲಿಯೂ ಎಲ್ಲೆಡೆ ಈ ಗೌರವ ದೊರೆಯಲಿಲ್ಲ. ೧೯೨೯ರ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರನ್ನು, ಭಾರತೀಯ ಅಧಿಕಾರಿಗಳನ್ನು ಹೆಸರಿನಿಂದ ಕೊರೆದರು. ಭಾರತೀಯ ಸಾಮಾನ್ಯ ಸೈನಿಕರನ್ನು ದಳವಾರು ಸಂಖ್ಯೆಯಿಂದ ಕೊರೆದರು. ಯುದ್ಧಗೋರಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗಕ್ಕಾಗಿ ರಚಿತವಾದ ಸಮಿತಿ ೨೦೨೧ರ ವರದಿಯಲ್ಲಿ, ಕನಿಷ್ಠ ೧,೧೬,೦೦೦ ಮಂದಿಯ, ಪ್ರಾಯಶಃ ೩,೫೦,೦೦೦ದಷ್ಟು ಮಂದಿಯ ಹೆಸರು ಸ್ಮಾರಕಗಳಲ್ಲಿ ದಾಖಲಾಗಿಲ್ಲ ಅಥವಾ ಅವರ ಸ್ಮರಣೆಯೇ ನಡೆದಿಲ್ಲವೆಂದು ಹೇಳಿತು. ಇವರಲ್ಲಿ ಹೆಚ್ಚಿನವರು ಆಫ್ರಿಕದ ಮತ್ತು ಮಧ್ಯಪ್ರಾಚ್ಯದ ಮೂಲದವರು.

ದೆಹಲಿಯ ತೀನ್‌ಮೂರ್ತಿಯದು ಮತ್ತೊಂದು ಬಗೆ. ೧೯೨೨ರಲ್ಲಿ ನಿಂತ ಆ ಮೂರು ಕಂಚಿನ ಪ್ರತಿಮೆಗಳು ಹೈದರಾಬಾದು, ಮೈಸೂರು, ಜೋಧಪುರ ಸಂಸ್ಥಾನಗಳ ಭಲ್ಲೆಪಡೆಗಳನ್ನು ಪ್ರತಿನಿಧಿಸುತ್ತವೆ. ೧೯೧೮ರ ಸೆಪ್ಟೆಂಬರ್ ೨೩ರ ಹೈಫಾ ವಿಜಯ ಜೋಧಪುರ ಮತ್ತು ಮೈಸೂರು ಪಡೆಗಳದ್ದು. ೨೦೧೮ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು. ಇಲ್ಲಿ ವ್ಯಕ್ತಿಯ ಬದಲು ಸಂಸ್ಥಾನ ನಿಂತಿದೆ. ಹೈದರಾಬಾದು ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ ಪ್ರದೇಶಗಳು ಮೂರೂ ಇದ್ದವು. ೧೯೫೬ರಲ್ಲಿ ಅದು ಮೂರು ರಾಜ್ಯಗಳಿಗೆ ಹಂಚಿಹೋಯಿತು. ಸಾಲಗಾರನೇ ಇಲ್ಲವಾದ ಮೇಲೆ ಕಂಚಿನ ಸವಾರ ಯಾವ ಊರಿನವನೆಂದು ಕೇಳಲು ಯಾರನ್ನು ಹುಡುಕಬೇಕು?

೫

ಇಷ್ಟರಿಂದ ಪ್ರಾಚೀನವೆಲ್ಲ ನ್ಯಾಯಸಮ್ಮತ, ಆಧುನಿಕವೆಲ್ಲ ಕೃತಘ್ನ ಎಂದು ತೀರ್ಮಾನಿಸಿದರೆ ಅದು ಪಠ್ಯಕ್ಕೆ ಬಗೆದ ದ್ರೋಹವಾಗುತ್ತದೆ. ಆತಕೂರಿನ ಕಲ್ಲನ್ನೇ ಮತ್ತೊಮ್ಮೆ ನೋಡೋಣ. ಅದರಲ್ಲಿ ಚಕ್ರವರ್ತಿಯ ಹೆಸರಿದೆ, ಮಾಂಡಲಿಕನ ಹೆಸರಿದೆ, ಆಳಿನ ಹೆಸರಿದೆ, ನಾಯಿಯ ಹೆಸರಿದೆ. ತಕ್ಕೋಲದಲ್ಲಿ ಎರಡು ಕಡೆಯೂ ಬಿದ್ದ ಕಾಲಾಳುಗಳಲ್ಲಿ ಒಬ್ಬನ ಹೆಸರೂ ಇಲ್ಲ. ನಾಯಿಗೆ ದೊರೆತ ಎರಡು ಖಂಡುಗದ ಮಣ್ಣು ಅವರಿಗೆ ಈ ಕಲ್ಲಿನಲ್ಲಿ ದೊರೆಯಲಿಲ್ಲ. ಕಲ್ಲು ನೆನೆಯುವುದು ಕೊಡುವವನು ಇದ್ದಾಗ ಮಾತ್ರ.

ಎರಡನೆಯ ಆಕ್ಷೇಪ ಇನ್ನೂ ಪ್ರಬಲವಾದದ್ದು. ನಾಡಿನ ವೀರಗಲ್ಲುಗಳಲ್ಲಿ ಬಹುಪಾಲು ಅಕ್ಷರವಿಲ್ಲದವು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಒಯ್ಯುವ ವೀರ, ಮೇಲೆ ಲಿಂಗಪೂಜೆ, ಸೂರ್ಯಚಂದ್ರರು. ಅಲ್ಲಿಯೂ ಹೆಸರಿಲ್ಲ. ಹಾಗಾದರೆ ಎಣಿಕೆಯ ಫಲಕವನ್ನು ಮಾತ್ರ ದೂಷಿಸುವುದು ಸರಿಯೆ?

ಇಬ್ಬರೂ ನಂಬಿದ್ದು ಒಂದನ್ನೇ ಎಂಬುದು ಇದಕ್ಕೆ ಸಮಾಧಾನ. ತುರುಗೊಳ್‌ನಲ್ಲಿ ದನ ಮರಳಿಸಲು ಹೋಗಿ ಸತ್ತವನು ಯಾರೆಂದು ಊರಿಗೆ ಗೊತ್ತಿತ್ತು, ಬರೆಯಬೇಕಾದ ಅಗತ್ಯವಿರಲಿಲ್ಲ. ಮಹಾಯುದ್ಧದಿಂದ ಮರಳದವರು ಯಾರೆಂಬುದೂ ಊರಿಗೆ ಗೊತ್ತಿತ್ತು. ಮೂರು ತಲೆಮಾರು ಕಳೆದ ಮೇಲೆ ಎರಡೂ ಮೂಕವಾದವು. ಹೆಸರು ಮರೆತ ವೀರಗಲ್ಲು ಕೆಲವು ಊರುಗಳಲ್ಲಿ ದೇವರಾಗಿ ಕುಂಕುಮ ಪಡೆಯಿತು, ಕೆಲವು ಊರುಗಳಲ್ಲಿ ಬಟ್ಟೆ ಒಗೆಯುವ ಹಾಸುಗಲ್ಲಾಯಿತು. ಉಳಿದ ವ್ಯತ್ಯಾಸ ಒಂದೇ. ವೀರಗಲ್ಲನ್ನು ಕೊರೆದವರ ಮುಂದೆ ಹೆಸರು, ಕಾರಣ, ದತ್ತಿ, ಕಾಯುವವನು ಎಂಬ ಪೂರ್ಣ ಮಾದರಿಯೊಂದಿತ್ತು. ಶಕ್ತಿಯಿದ್ದವರು ಅದನ್ನು ಪಾಲಿಸಿದರು. ಫಲಕ ಬರೆದವರ ಮಾದರಿಯಲ್ಲಿಯೇ ಆ ಸ್ಥಾನಗಳಿರಲಿಲ್ಲ. ಒಂದು ಬಡತನದ ಮೌನ, ಮತ್ತೊಂದು ನಮೂನೆಯ ಮೌನ.

ಇತ್ತೀಚೆಗೆ ಹೆಸರು ಮರಳಿದೆ ಎಂಬುದು ಸಂತೋಷದ ಸಂಗತಿ. ೨೦೧೯ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಉದ್ಘಾಟನೆಗೊಂಡ ರಾಷ್ಟ್ರೀಯ ಯುದ್ಧಸ್ಮಾರಕದಲ್ಲಿ ೨೫,೦೦೦ಕ್ಕೂ ಹೆಚ್ಚು ಸೈನಿಕರ ಹೆಸರುಗಳನ್ನು ಕೆತ್ತಲಾಗಿದೆ. ಆದರೆ ರಾಜಧಾನಿಯ ಹೆಸರುಪಟ್ಟಿ ಊರಿನ ಕಲ್ಲಿಗೆ ಪರ್ಯಾಯವಾಗದು. ಹೆಸರನ್ನು ಕೂಗಿದಾಗ ತಿರುಗಿ ನೋಡುವವರಿರುವುದು ಊರಿನಲ್ಲಿ.

೬

ಹೊರನಾಡಿನಲ್ಲಿದ್ದು ಕನ್ನಡ ಸಂಶೋಧನೆ ನಡೆಸುವವರ ಮುಂದೆ ಎರಡು ಕೆಲಸಗಳಿವೆ. ಮೊದಲನೆಯದು ಪಠ್ಯಕ್ಕೆ ಸಂಬಂಧಿಸಿದ್ದು. ವೀರಗಲ್ಲುಗಳ ದತ್ತಿ ಮತ್ತು ಶಾಪದ ಭಾಗಗಳನ್ನು ಸಿದ್ಧಮಾದರಿಯೆಂದು ಬಿಡದೆ, ಆ ಪಠ್ಯದ ಮುಖ್ಯ ವಾಕ್ಯಗಳೆಂದು ಓದಬೇಕು. ತೆಲಂಗಾಣದ ಕೊಲ್ಲಿಪಾಕೆಯಂಥ ನೆಲೆಗಳ ಕನ್ನಡ ಶಾಸನಗಳಿಗೂ ಈ ಓದು ಅನ್ವಯವಾಗಬೇಕು.

ಎರಡನೆಯದು ಕ್ಷೇತ್ರಕಾರ್ಯ. ಹಿಂದಿನ ಹೈದರಾಬಾದು ಸಂಸ್ಥಾನದ ಬೀದರ, ಕಲಬುರಗಿ, ರಾಯಚೂರು ಸೀಮೆಗಳಲ್ಲಿ ಸೈನ್ಯಕ್ಕೆ ಹೋಗಿ ಮರಳದವರ ವಿವರಗಳನ್ನು ಊರೂರಿನಿಂದ ಸಂಗ್ರಹಿಸಬೇಕಾಗಿದೆ. ಅದಕ್ಕೆ ಹೊಸ ನಮೂನೆ ಬೇಡ, ಆತಕೂರಿನ ಕಲ್ಲಿನ ನಮೂನೆಯೇ ಸಾಕು. ಸತ್ತವನು ಯಾರು? ಎಲ್ಲಿ, ಯಾರ ಪರವಾಗಿ ಸತ್ತನು? ಅವನ ಮನೆಗೆ ಏನು ಸಂದಿತು? ಅವನ ನೆನಪನ್ನು ಈಗ ಯಾರು ನಡೆಸುತ್ತಿದ್ದಾರೆ? ಮೊದಲ ಮೂರು ಪ್ರಶ್ನೆಗಳಿಗೆ ಕಡತಗಳಲ್ಲಿ ಉತ್ತರ ದೊರೆತೀತು. ನಾಲ್ಕನೆಯದಕ್ಕೆ ಊರಿಗೇ ಹೋಗಬೇಕು.

ಉತ್ತರಿಸುವವರು ಕಡಿಮೆಯಾಗುತ್ತಿದ್ದಾರೆ. ಆತಕೂರಿನ ಗೊರವನಿಗೆ ಹಾಕಿದ ಷರತ್ತು ಒಂದು ಅರ್ಥದಲ್ಲಿ ಶಾಸನಗಳಿಂದ ಅನ್ನ ಕಾಣುವ ನಮಗೂ ಅನ್ವಯಿಸುತ್ತದೆ. ಕಲ್ಲನ್ನು ನೋಡಿಕೊಳ್ಳದೆ ಉಣ್ಣುವಂತಿಲ್ಲ.