ಪಾದ್ರಿಯ ಕೈಯಲ್ಲಿ ಸರ್ವಜ್ಞ

1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರು (1881–1962) ಬಾಸೆಲ್ ಮಿಶನ್ನಿನ ಪಾದ್ರಿಗಳು. ಕ್ರೈಸ್ತರು ಅನ್ಯಮತದ ಗ್ರಂಥಗಳನ್ನು ಅಚ್ಚು ಹಾಕಿಸಿದುದು ಅದೇ ಮೊದಲಲ್ಲ. ಮೋಗ್ಲಿಂಗ್, ಕಿಟ್ಟೆಲ್ ಮೊದಲಾದವರು ಆ ಕಾರ್ಯವನ್ನು ಹಿಂದೆಯೇ ಕೈಕೊಂಡಿದ್ದರು. ಆದರೆ ಅವರು ಹೊರನಾಡಿನಿಂದ ಬಂದು ಕನ್ನಡವನ್ನು ಕಲಿತವರು. ಧಾರವಾಡದಲ್ಲಿ ಹುಟ್ಟಿದ ಚನ್ನಪ್ಪನವರಿಗೆ ಸರ್ವಜ್ಞನು ಮನೆಯ ಸೊತ್ತು.

ವಿಗ್ರಹಾರಾಧನೆಯನ್ನೂ ಜಾತಿಭೇದವನ್ನೂ ಹಳಿಯುವ ತ್ರಿಪದಿಗಳನ್ನಷ್ಟೇ ಆರಿಸಿ ಮತಪ್ರಚಾರಕ್ಕೆ ಬಳಸುವುದು ಪಾದ್ರಿಯೊಬ್ಬರಿಗೆ ಸುಲಭವಾಗಿತ್ತು. ಅವರು ಹಾಗೆ ಮಾಡದೆ, ಕೈಬರಹದ ಪ್ರತಿಗಳನ್ನೂ ಜನರ ಬಾಯಲ್ಲಿ ಉಳಿದ ಪಾಠಗಳನ್ನೂ ಕೂಡಿಸಿ, ಶಿವಭಕ್ತಿಯ ಹಾಗೂ ಗುರುಮಹಿಮೆಯ ವಚನಗಳಿಗೂ ಎಡೆಯಿತ್ತರು. ತನಗೊಪ್ಪದ ಮಾತನ್ನು ಕವಿಯ ಬಾಯಿಂದ ಕಸಿದುಕೊಳ್ಳದಿರುವುದು ಸಂಪಾದಕಧರ್ಮ. ಚನ್ನಪ್ಪನವರಲ್ಲಿ ಅದು ಅವರ ಕ್ರೈಸ್ತಧರ್ಮದಿಂದ ಬೇರೆಯಾಗಿದ್ದಂತೆ ತೋರುವುದಿಲ್ಲ.

ಹಾಗೆಂದು ಅವರನ್ನು ಮತಾತೀತರೆಂದು ಹೊಗಳಿದರೆ ಅವರಿಗೇ ಅಪಚಾರವಾದೀತು. ಕ್ರಿಸ್ತನನ್ನು ಹಿಂದೂಸಮಾಜದ ಮುಂದಿಡುವ ಹಂಬಲವನ್ನು ಅವರು ಎಂದೂ ಮರೆಮಾಚಲಿಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಅವರ ಕೃತಿಯ ಹೆಸರೇ ಇದಕ್ಕೆ ಸಾಕ್ಷಿ. ಅದನ್ನು ವಿನಂತಿಯೆಂದು ಕರೆದುದೂ ಗಮನಾರ್ಹವಾದುದು. ಅದೇ ಲೇಖನಿಯು ಮುಂದೆ ಶರಣರ ಅನುಭವಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿತು. ಹಿಂದಿನ ವರ್ಷವಷ್ಟೇ ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ್ದ ಕಲಬುರ್ಗಿಯಲ್ಲಿ 1949ರಲ್ಲಿ ಸೇರಿದ ಸಾಹಿತ್ಯ ಸಮ್ಮೇಳನವು ಈ ಪಾದ್ರಿಗಳನ್ನೇ ಅಧ್ಯಕ್ಷರನ್ನಾಗಿ ಕೂರಿಸಿಕೊಂಡಿತು.